ಟೂಲ್ ಪಾಸ್ ಮಾಡಿದ ಓಟಿಪಿ ಪುಟ

ಬೆಂಗಳೂರಿನ ಒಂದು ಕಂಪನಿಯಲ್ಲಿ ಬಿಲ್ ಕಟ್ಟುವ ಆ್ಯಪ್ ಟೆಸ್ಟ್ ಮಾಡುವುದು ನನ್ನ ಕೆಲಸ. ಅಂಗವಿಕಲರು ಅದನ್ನು ಬಳಸಬಹುದಾ ಅಂತ ನೋಡುವುದೂ ನನ್ನ ಪಾಲಿಗೇ ಬಂದಿದೆ.

ಮೊದಲು ಡಬ್ಲ್ಯೂಸಿಎಜಿ 2.2 ಇಟ್ಟುಕೊಂಡು ಕೂರುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಬಂದ, ವೆಬ್ ಪುಟಗಳನ್ನು ಅಂಗವಿಕಲರೂ ಬಳಸುವಂತಿರಬೇಕು ಅನ್ನೋ ನಿಯಮಗಳಿವು. ಅಕ್ಷರಕ್ಕೂ ಹಿನ್ನೆಲೆಗೂ 4.5:1 ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಇದೆಯಾ, ಬಟನ್‌ಗೆ ಹೆಸರಿದೆಯಾ, ಮೌಸ್ ಇಲ್ಲದೆ ಕೆಲಸ ಆಗುತ್ತದಾ? ಇಷ್ಟು ಮುಗಿಯದೆ ಯಾರನ್ನೂ ಕರೆಸುವುದಿಲ್ಲ. ಬಟನ್‌ಗೆ ಹೆಸರಿಲ್ಲ ಅಂತ ಹೇಳಿಸಿಕೊಳ್ಳೋಕೆ ಒಬ್ಬರನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿಸಬೇಕಾ?

ಇದರಲ್ಲಿ ಕೆಲವನ್ನು ಒಂದು ಟೂಲ್ ತಾನಾಗಿಯೇ ಪರೀಕ್ಷಿಸುತ್ತದೆ. ಹಾಗಂತ ಅದನ್ನು ಪೂರ್ತಿ ನಂಬೋಕೂ ಆಗಲ್ಲ. ನಮ್ಮ ಕನ್ನಡ ಪುಟದ ಕೋಡ್‌ನಲ್ಲಿ ಭಾಷೆ ಇಂಗ್ಲಿಷ್ ಅಂತಿತ್ತು. ಭಾಷೆ ನಮೂದಾಗಿದೆ ಅಲ್ವಾ, ಟೂಲ್ ಪಾಸ್ ಮಾಡಿತು!

ಟೂಲ್ ಪಾಸ್ ಮಾಡಿದ್ದ ಓಟಿಪಿ ಪುಟದ್ದು ಬೇರೆಯೇ ಕಥೆ. ಪರದೆಯಲ್ಲಿ ಬದಲಾಗುವ ಸ್ಥಿತಿಯನ್ನು, ಅಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ತಿಳಿಸಬೇಕು ಅನ್ನೋ ನಿಯಮವಿದೆ. ಅದನ್ನು ಓದಿದ ಡೆವಲಪರ್ ಟೈಮರನ್ನೂ ಓದಿಸಿದ್ದರು. ದೃಷ್ಟಿ ಇಲ್ಲದ ಮೇಡಂ ಒಬ್ಬರು ತಮ್ಮ ಫೋನಿನಲ್ಲಿ ಆಂಡ್ರಾಯ್ಡ್ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಹಾಕಿಕೊಂಡು ಕೂತರು. ಇಪ್ಪತ್ತೊಂಬತ್ತು, ಇಪ್ಪತ್ತೆಂಟು ಅಂತ ಶುರುವಾಯಿತು. ಓಟಿಪಿಯ ಅಂಕಿಗಳೂ ಟೈಮರಿನ ಅಂಕಿಗಳೂ ಒಂದೇ ದನಿಯಲ್ಲಿ ಬರುತ್ತಿವೆ. ಅವರು ಅಳಿಸಿದರು, ಮತ್ತೆ ಒತ್ತಿದರು. "ಏಳು ಅಂದದ್ದು ನಾನು ಒತ್ತಿದ್ದಕ್ಕಾ, ಟೈಮರ್ರಾ? ಸರ್, ಮೊದ್ಲು ಇದರ ಬಾಯಿ ಮುಚ್ಚಿಸಿ," ಅಂದರು. ಈಗ ಟೈಮರ್ ಶುರುವಿನಲ್ಲಿ ಒಮ್ಮೆ, 10 ಸೆಕೆಂಡ್ ಉಳಿದಾಗ ಒಮ್ಮೆ ಮಾತಾಡುತ್ತದೆ, ಅಷ್ಟೇ. ಜಾಸ್ತಿ ಸಮಯ ಕೇಳೋಕೆ ಒಂದು ಬಟನ್ ಕೂಡ ಇಟ್ಟಿದ್ದೇವೆ.

ಇದನ್ನು ಕೇಳಿ ನಮ್ಮಲ್ಲಿ ಕೆಲವರು, ಹಾಗಾದರೆ ನಿಯಮ ಯಾಕೆ, ಜನರನ್ನೇ ಕರೆಸಿ ಅಂದರು. ನಾನು ಒಪ್ಪಲಿಲ್ಲ. ಆ ಮೇಡಂ ಸ್ಕ್ರೀನ್ ರೀಡರ್ ಕೇಳಿಸಿಕೊಳ್ಳುವ ವೇಗ ನನ್ನ ಕಿವಿಗೆ ನಿಲುಕುವುದೇ ಇಲ್ಲ. ಇತ್ತೀಚೆಗೆ ದೃಷ್ಟಿ ಕಳೆದುಕೊಂಡವರಿಗೆ ಅದು ಆಗದು. ಅಕ್ಷರ ದೊಡ್ಡದು ಮಾಡಿ ಓದುವವರ ಪಾಡು ಬೇರೆ, ಕೈ ನಡುಗುವವರದು ಇನ್ನೂ ಬೇರೆ. ನಾಲ್ಕು ಜನ ಬಂದರೆ ನಾಲ್ಕು ಜನರ ತೊಂದರೆ ಗೊತ್ತಾಗುತ್ತದೆ. ಬಾರದವರ ಪರವಾಗಿ ಸದ್ಯಕ್ಕೆ ಇರುವುದು ಆ ನಿಯಮಗಳೇ.

ಬಂದವರು ತಮ್ಮದೇ ಫೋನ್ ತರಬೇಕು ಅಂತ ಮೊದಲೇ ಹೇಳಿರುತ್ತೇನೆ. ಅವರ ಸೆಟ್ಟಿಂಗ್ ಎಲ್ಲಾ ಅದರಲ್ಲೇ ಇರುತ್ತದೆ. "ಈ ತಿಂಗಳ ಬಿಲ್ ಕಟ್ಟಿ" ಅಂತಷ್ಟೇ ಹೇಳಿ ಸುಮ್ನೆ ಕೂರುತ್ತೇನೆ. ಎಲ್ಲಿ ಒತ್ತಬೇಕು ಅಂತ ನಾನು ಹೇಳಿಬಿಟ್ಟರೆ ಅದು ಟೆಸ್ಟ್ ಅಲ್ಲ. ಅವರ ಸಮಯಕ್ಕೆ ದುಡ್ಡು ಅದೇ ದಿನ ಕೊಡಬೇಕು, ಆಟೋ ಚಾರ್ಜ್ ಬೇರೆ.