ಎಂ.ಎಸ್. ಸಂಶೋಧನೆಗೆ ನಮ್ಮ ಪ್ರಶ್ನೆಗಳು: ಕಲಬುರಗಿಯಲ್ಲಿ ಪಟ್ಟಿ ಮಾಡಿದ್ದು ಹೀಗೆ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂಬ ನರರೋಗದ ಬಗ್ಗೆ ಮುಂದೆ ಏನನ್ನು ಸಂಶೋಧನೆ ಮಾಡಬೇಕು ಅಂತ ಯಾರು ಹೇಳಬೇಕು? ಡಾಕ್ಟರು ಹೇಳುತ್ತಾರೆ, ಔಷಧ ಕಂಪನಿಯವರು ಹೇಳುತ್ತಾರೆ. ರೋಗ ಇದ್ದವರನ್ನು ಕೇಳುವುದು ಕಮ್ಮಿ. ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ನರರೋಗದ ಡಾಕ್ಟರ ಹತ್ತಿರ ಹತ್ತು ನಿಮಿಷ ಕೂರುವವರು ನನ್ನ ಹತ್ತಿರ ಮುಕ್ಕಾಲು ತಾಸು ಇರುತ್ತಾರೆ. ಕಾಲು ಎತ್ತುತ್ತಾ ಇಳಿಸುತ್ತಾ ಅವರು ಕೇಳುವ ಪ್ರಶ್ನೆಗಳು ಸಂಶೋಧನೆ ಮಾಡುವವರ ಕಿವಿಗೆ ಬೀಳುವುದೇ ಇಲ್ಲ. ಆ ಕಿರಿಕಿರಿಯಿಂದಲೇ, ಅವರದ್ದೇ ಪ್ರಶ್ನೆಗಳ ಪಟ್ಟಿ ಮಾಡುವ ಈ ಕೆಲಸಕ್ಕೆ ಕೈ ಹಾಕಿದೆ.

ರೋಗದ ಬಗ್ಗೆ ಎರಡು ಮಾತು. ಸೋಂಕಿನ ವಿರುದ್ಧ ಕಾದಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ಇಲ್ಲಿ ತಿರುಗಿ ಬೀಳುತ್ತದೆ. ಮೆದುಳು, ಬೆನ್ನುಹುರಿಯ ನರಗಳ ಮೇಲಿರುವ ಮೈಲಿನ್ ಎಂಬ ಹೊದಿಕೆಯನ್ನು ಹಾಳು ಮಾಡುತ್ತದೆ. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ, ಹೆಂಗಸರಲ್ಲಿ ಜಾಸ್ತಿ. ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು, ಮೂತ್ರ ತಡೆಯಲಾಗದಿರುವುದು, ಎಲ್ಲಕ್ಕಿಂತ ಮೇಲೆ ವಿಪರೀತ ಸುಸ್ತು.

ದಾರಿ ನಮಗೆ ಹೊಸದಾಗಿ ಹುಡುಕುವ ಕಷ್ಟ ಇರಲಿಲ್ಲ. ಬ್ರಿಟನ್ನಿನಲ್ಲಿ 2004ರಿಂದ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಸಂಸ್ಥೆ ಇದನ್ನೇ ಮಾಡುತ್ತಿದೆ. ರೋಗಿಗಳು, ಮನೆಯಲ್ಲಿ ನೋಡಿಕೊಳ್ಳುವವರು, ಚಿಕಿತ್ಸೆ ಕೊಡುವವರು, ಈ ಮೂರೂ ಗುಂಪನ್ನು ಸಮನಾಗಿ ಕೂರಿಸಿ ಉತ್ತರ ಸಿಗದ ಪ್ರಶ್ನೆಗಳಲ್ಲಿ ಮುಖ್ಯವಾದ ಹತ್ತನ್ನು ಆರಿಸುತ್ತಾರೆ. ಎಂ.ಎಸ್. ಬಗ್ಗೆ ಅವರ ಪಟ್ಟಿ 2013ರಲ್ಲಿ ಬಂತು. ಅಂಗವೈಕಲ್ಯ ಹೆಚ್ಚುವುದನ್ನು ನಿಲ್ಲಿಸುವ ಚಿಕಿತ್ಸೆ ಯಾವುದು ಅನ್ನುವುದು ಮೊದಲನೆಯದು, ರೋಗ ಬರದಂತೆ ತಡೆಯುವುದು ಹೇಗೆ ಅನ್ನುವುದು ಎರಡನೆಯದು, ಸುಸ್ತಿಗೆ ಯಾವ ಚಿಕಿತ್ಸೆ ಅನ್ನುವುದು ಮೂರನೆಯದು. ಅದನ್ನೇ ಕನ್ನಡಕ್ಕೆ ತಂದು ಗೋಡೆಗೆ ಅಂಟಿಸಬಹುದಿತ್ತು. ಆದರೆ ಅದು ಅಲ್ಲಿಯವರ ಪಟ್ಟಿ, ಅಲ್ವಾ?

ಫಾರ್ಮ್ ಹಂಚುವ ಯೋಚನೆಯನ್ನು ಮೊದಲೇ ಬಿಟ್ಟೆವು. ಕೈ ನಡುಗುವವರು, ಕಣ್ಣು ಮಂಜಾದವರು ಬರೆಯುವುದು ಹೇಗೆ? ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸಿ ಅಂದೆವು. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಕನ್ನಡ, ದಖನಿ, ಸ್ವಲ್ಪ ತೆಲುಗಿನಲ್ಲೂ ಬಂದವು. ಕೇಳಿದ್ದು ಒಂದೇ: "ಈ ರೋಗದ ಬಗ್ಗೆ ನಿಮಗೆ ಯಾರೂ ಸರಿಯಾಗಿ ಉತ್ತರ ಕೊಡದ ಮಾತು ಯಾವುದು?" ಬಂದದ್ದರಲ್ಲಿ ಪ್ರಶ್ನೆ ಕಮ್ಮಿ, ಸಂಕಟ ಜಾಸ್ತಿ. ಬರಲಿ ಬಿಡಿ. ಸಂಕಟವನ್ನು ಪ್ರಶ್ನೆ ಮಾಡುವುದು ನಮ್ಮ ಕೆಲಸ.

ಆಮೇಲೆ ಮೂರು ಗುಡ್ಡೆ ಮಾಡಿದೆವು. ಆಗಲೇ ಉತ್ತರ ಇರುವ ಪ್ರಶ್ನೆಗಳು ಒಂದು ಕಡೆ. ಇದು ಅಂಟುರೋಗವಾ? ಅಲ್ಲ. ಮಗು ಹೆರಬಹುದಾ? ಹೆರಬಹುದು. ಬಸಿರಿನ ಕೊನೆಯ ತಿಂಗಳುಗಳಲ್ಲಿ ರೋಗ ಮರುಕಳಿಸುವುದು ಕಮ್ಮಿಯೇ ಆಗುತ್ತದೆ, ಹೆರಿಗೆಯಾದ ಮೊದಲ ಮೂರು ತಿಂಗಳು ಹುಷಾರಾಗಿರಬೇಕು, ಔಷಧಿಯ ವಿಷಯ ಮಾತ್ರ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು. ಇಂಥವಕ್ಕೆ ಸಭೆಯ ದಿನದವರೆಗೆ ಕಾಯಿಸಲಿಲ್ಲ, ಕೇಳಿದವರಿಗೆ ಆಗಲೇ ಫೋನ್ ಮಾಡಿ ಹೇಳಿದೆವು. ಮದುವೆಯೇ ಬೇಡ ಅಂತ ಕೂತಿದ್ದ ಹುಡುಗಿಗೆ "ಸಂಶೋಧನೆಯ ಪಟ್ಟಿ ಆಗಲಿ, ತಡಿ" ಅನ್ನುವುದು ಯಾವ ನ್ಯಾಯ?

ಎರಡನೆಯ ಗುಡ್ಡೆ ಬೇಡಿಕೆಗಳದ್ದು. ಇಂಜೆಕ್ಷನ್‌ಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಎಂ.ಎಸ್. ಇದ್ದರೂ, ನಡೆದುಕೊಂಡು ಬಂದವರಿಗೆ ಪ್ರಮಾಣಪತ್ರ ಯಾಕೆ ಅಂತ ಕೇಳಿಸಿಕೊಳ್ಳಬೇಕು. ಇದು ಸಂಶೋಧನೆ ಮಾಡಿ ತಿಳಿಯುವ ವಿಷಯ ಅಲ್ಲ, ಮಾಡಬೇಕಾದ ಕೆಲಸ. ಅದನ್ನು ಬೇರೆ ಮನವಿಯಾಗಿ ಬರೆದೆವು. ಎರಡನ್ನೂ ಕಲಸಿದರೆ ಬೇಡಿಕೆಗಳೇ ಪಟ್ಟಿಯನ್ನು ನುಂಗುತ್ತವೆ.

ಮೂರನೆಯದೇ ನಮಗೆ ಬೇಕಾದ ಗುಡ್ಡೆ. ಅಲ್ಲಿ ಎದ್ದು ಕಂಡದ್ದು ಬಿಸಿಲು. ಬೇಸಿಗೆಯಲ್ಲಿ ಸರಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವ ಸೀಮೆ ನಮ್ಮದು. ಚಿತ್ತಾಪುರ ಕಡೆಯ ಒಬ್ಬ ರೈತರು ಹೇಳಿದರು: "ಬ್ಯಾಸಿಗಿ ಬಂತಂದ್ರ ನನ್ನ ಕಾಲು ನನ್ನ ಮಾತು ಕೇಳಂಗಿಲ್ರಿ ಮೇಡಂ. ಮಳಿಗಾಲಕ್ಕ ಮತ್ತ ನನ್ನವೇ ಆಗ್ತಾವ." ಬೀದರಿನಿಂದ, ಶಹಾಪುರದಿಂದಲೂ ಇದೇ ಮಾತು.

ಕಾರಣ ಗೊತ್ತಿರುವುದೇ. ಮೈಗೆ ಶ್ರಮವಾದಾಗ ಇಂಥ ರೋಗಿಗಳ ಕಣ್ಣು ಮಂಜಾಗುವುದನ್ನು ಜರ್ಮನಿಯ ಕಣ್ಣಿನ ಡಾಕ್ಟರ್ ಉಟಾಫ್ 1890ರಲ್ಲೇ ಬರೆದಿಟ್ಟಿದ್ದಾರೆ. ಹೊದಿಕೆ ಹೋದ ನರದಲ್ಲಿ ಸಂದೇಶ ಮೊದಲೇ ತಡವರಿಸುತ್ತಿರುತ್ತದೆ. ಮೈಯ ಬಿಸಿ ಅರ್ಧ ಡಿಗ್ರಿ ಏರಿದರೂ ಸಾಕು, ನಿಂತೇ ಹೋಗಬಹುದು. ಮೈ ತಣ್ಣಗಾದರೆ ಮತ್ತೆ ಸರಿಹೋಗುತ್ತದೆ. ಅಂದರೆ ರೋಗ ಹೊಸದಾಗಿ ಮರುಕಳಿಸಿದೆ ಅಂತ ಅಲ್ಲ. ಇಷ್ಟು ಮಾತು ಮೊದಲ ಗುಡ್ಡೆಗೆ ಹೋಯಿತು. ಎಷ್ಟೋ ಜನರ ಅರ್ಧ ಭಯ ಅಲ್ಲೇ ಇಳಿಯಿತು.

ಆದರೆ ಉಳಿದರ್ಧ ಹಾಗೇ ಇದೆ. 42 ಡಿಗ್ರಿ ಬಿಸಿಲು, ಎ.ಸಿ. ಇಲ್ಲ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಒದ್ದೆ ಟವೆಲ್ ಕೊರಳಿಗೆ ಸುತ್ತಿಕೊಂಡರೆ ಎಷ್ಟು ಹೊತ್ತು ಕೆಲಸ ಮಾಡಬಹುದು? ತಣ್ಣೀರಲ್ಲಿ ಕಾಲಿಟ್ಟು ಕೂತು ಆಮೇಲೆ ವ್ಯಾಯಾಮ ಮಾಡಿದರೆ ಲಾಭ ಇದೆಯಾ? ಹೊರದೇಶದಲ್ಲಿ ತಂಪು ಕೊಡುವ ಜಾಕೆಟ್‌ಗಳನ್ನು ಪರೀಕ್ಷೆ ಮಾಡಿದ್ದಾರೆ, ಸರಿ. ನಮ್ಮ ಹೊಲದಲ್ಲಿ, ತಗಡಿನ ಮನೆಯಲ್ಲಿ ಏನು ಮಾಡಿದರೆ ನಡೆಯುತ್ತದೆ? ಬ್ರಿಟನ್ನಿನ ಹತ್ತರಲ್ಲಿ ಬಿಸಿಲಿನ ಮಾತೇ ಇಲ್ಲ. ಅವರಿಗೆ ಯಾಕೆ ಬೇಕು ಹೇಳಿ.

ಮನೆಯವರನ್ನೂ ರೋಗಿಗಳನ್ನೂ ಮೊದಲ ಸಲ ಬೇರೆ ಬೇರೆಯಾಗಿಯೇ ಕೂರಿಸಿದೆವು. ಅತ್ತೆಯ ಎದುರು ಸೊಸೆ ಮೂತ್ರದ ಮಾತು ಎತ್ತುವುದಿಲ್ಲ. ಬೇರೆ ಕೂತಾಗಲೇ ಹೊರಬಂದದ್ದು: ಮದುವೆ ಮನೆಗೆ, ಬಸ್ಸಿಗೆ ಹೋಗುವ ದಿನ ಬೆಳಿಗ್ಗೆಯಿಂದ ಹನಿ ನೀರು ಕುಡಿಯದ ಹೆಂಗಸರು ಎಷ್ಟು ಜನ ಅಂತ. ಇನ್ನೊಂದು ವಿಷಯ ನನಗೆ ಪಾಠವಾಯಿತು. ರೋಗಿಗಳೆಲ್ಲ ಸುಸ್ತಿನ ಬಗ್ಗೆ ಹೇಳಿದರು. ಮನೆಯವರಲ್ಲಿ ಹೆಚ್ಚಿನವರು ಅದನ್ನು ಎತ್ತಲೇ ಇಲ್ಲ, ಯಾಕಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಅವರ ಪ್ರಶ್ನೆ ಬೇರೆ: ಎತ್ತಿ ಕೂರಿಸುವಾಗ ನಮ್ಮ ಸೊಂಟ ಉಳಿಸಿಕೊಳ್ಳುವುದು ಹೇಗೆ, ಇನ್ನು ಹತ್ತು ವರ್ಷಕ್ಕೆ ಇವರು ಹೇಗಿರುತ್ತಾರೆ.

ಕೊನೆಯ ಸಭೆಯನ್ನು ಚಳಿಗಾಲದಲ್ಲಿ, ತೊಗರಿ ರಾಶಿ ಮುಗಿದ ಮೇಲೆ ಇಟ್ಟುಕೊಂಡೆವು. ನೆಲಮಹಡಿ, ಕುರ್ಚಿ ಕಮೋಡ್ ಇರುವ ಶೌಚಾಲಯ, ನಡುವೆ ಮಲಗಲು ಒಂದು ಕೋಣೆ. ಇವಿಲ್ಲದ ಹಾಲ್ ಪುಕ್ಕಟೆ ಸಿಕ್ಕರೂ ಬೇಡ. ಊಟದ ಖರ್ಚು ಕೊಡುತ್ತೇನೆ ಅಂತ ಒಬ್ಬ ಮೆಡಿಕಲ್ ರೆಪ್ ಮುಂದೆ ಬಂದರು. ಬೇಡ ಅಂದೆವು. ಔಷಧ ಮಾರುವವರಿಗೆ ಈ ಪಟ್ಟಿಯಲ್ಲಿ ಕೈ ಇರಬಾರದು, ಅದು ಬ್ರಿಟನ್ನಿನವರ ನಿಯಮವೂ ಹೌದು. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿಯನ್ನು ನಾವೇ ತಂದೆವು.

ಒಂದೊಂದು ಪ್ರಶ್ನೆಯನ್ನು ದಪ್ಪ ಅಕ್ಷರದಲ್ಲಿ ಒಂದೊಂದು ಕಾರ್ಡಿನ ಮೇಲೆ ಬರೆದಿದ್ದೆವು. ಓದಲಾಗದವರಿಗೆ ಪಕ್ಕದಲ್ಲಿದ್ದವರು ಓದಿ ಹೇಳುತ್ತಿದ್ದರು. ಪ್ರತಿ ಮೇಜಿಗೆ ರೋಗಿಗಳು, ಮನೆಯವರು, ಒಬ್ಬ ಡಾಕ್ಟರ್ ಅಥವಾ ನರ್ಸ್. ಕಾರ್ಡುಗಳನ್ನು ಮೇಲಿಂದ ಕೆಳಗೆ ಜೋಡಿಸಬೇಕು. ಡಾಕ್ಟರು ಕೊನೆಗೆ ಮಾತಾಡಬೇಕು, ಇದು ನಾನೇ ಹಾಕಿದ ನಿಯಮ. ಅವರು ಮೊದಲು ಬಾಯಿ ಬಿಟ್ಟರೆ ಉಳಿದವರು "ಅವ್ರು ಹೇಳಿದ್ದೇ ಸರಿ ಬಿಡ್ರಿ" ಅಂತ ಸುಮ್ಮನಾಗುತ್ತಾರೆ.

ಜಗಳವೂ ಆಯಿತು. ಡಾಕ್ಟರು ವಿಟಮಿನ್ ಡಿ ಕಾರ್ಡನ್ನು ಮೇಲಿಟ್ಟರು, ರೋಗಿಗಳು ಕೆಳಗೆ ಸರಿಸಿದರು. ಕ್ಷಯದ ಕಾರ್ಡಿನಲ್ಲಿ ಉಲ್ಟಾ. ಎಂ.ಎಸ್. ಔಷಧಿಗಳಲ್ಲಿ ಹಲವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಕ್ಷಯ ಇನ್ನೂ ಮನೆಮನೆಗೆ ಗೊತ್ತಿರುವ ನಮ್ಮ ಕಡೆ ಯಾವ ಔಷಧಿ ಯಾರಿಗೆ ಸುರಕ್ಷಿತ ಅನ್ನುವ ಪ್ರಶ್ನೆ ಯಾಕೆ ಮುಖ್ಯ ಅಂತ ಡಾಕ್ಟರು ಬಿಡಿಸಿ ಹೇಳಿದ ಮೇಲೆ, ರೋಗಿಗಳೇ ಅದನ್ನು ಮೇಲಕ್ಕೆ ಎತ್ತಿದರು.

ಎರಡನೆಯ ಸ್ಥಾನ ರಿಟುಕ್ಸಿಮ್ಯಾಬ್‌ಗೆ ಹೋಯಿತು. ಬೇರೆ ರೋಗಗಳಿಗೆಂದು ಬಂದ ಈ ಔಷಧಿಯನ್ನು, ಉಳಿದವಕ್ಕಿಂತ ಅಗ್ಗ ಅಂತ ಭಾರತದಲ್ಲಿ ಎಂ.ಎಸ್.ಗೂ ಕೊಡುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ಯಾದಗಿರಿಯ ಒಬ್ಬ ತಾಯಿ ಕೇಳಿದರು: "ವರ್ಷಕ್ಕ ಒಮ್ಮೆ ಕೊಟ್ರ ನಡೀತದೇನ್ರಿ? ಒಂದು ಸಲದ ರೊಕ್ಕ ಉಳೀತದ." ಆ ಅಂತರವನ್ನು ಎಷ್ಟಕ್ಕೆ ಹಿಗ್ಗಿಸಬಹುದು ಅಂತ ವಿದೇಶದಲ್ಲೂ ಸಂಶೋಧಕರು ನೋಡುತ್ತಿದ್ದಾರೆ. ಆ ತಾಯಿ ಶಾಲೆಗೆ ಹೋದವರಲ್ಲ.

ಹತ್ತು ಆಗಲೇಬೇಕು ಅಂತ ಎಳೆಯಲಿಲ್ಲ, ಏಳಕ್ಕೆ ನಿಲ್ಲಿಸಿದೆವು. ಬಿಸಿಲು ಮೊದಲು, ಸುಸ್ತು ಮೂರನೆಯದು, ಮೂತ್ರದ ತೊಂದರೆ ನಾಲ್ಕನೆಯದು. ಬಿಸಿಲಿನ ಪ್ರಶ್ನೆಯನ್ನು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ತಮ್ಮ ಪ್ರಬಂಧಕ್ಕೆ ತೆಗೆದುಕೊಂಡಿದ್ದಾರೆ. ಒದ್ದೆ ಟವೆಲ್ ಮತ್ತು ತಣ್ಣೀರಿನ ಪರೀಕ್ಷೆಗೆ ಎಥಿಕ್ಸ್ ಕಮಿಟಿಯ (ಸಂಶೋಧನೆಯಿಂದ ರೋಗಿಗಳಿಗೆ ತೊಂದರೆ ಆಗದಂತೆ ನೋಡುವ ಸಮಿತಿ) ಒಪ್ಪಿಗೆ ಬರಬೇಕು, ಬಂದರೆ ಏಪ್ರಿಲ್‌ನಲ್ಲಿ ಶುರು. ಮೂತ್ರದ ಪ್ರಶ್ನೆಗೆ ಇನ್ನೂ ಯಾರೂ ಕೈ ಎತ್ತಿಲ್ಲ.