ತೂಕ ಇಳಿಸಿ ಮತ್ತೆ ಏರಿಸಿಕೊಳ್ಳೋರು ಲಿವರ್ ಕಾಪಾಡಿಕೊಳ್ಳೋದು ಹೇಗೆ?

ಎರಡು ತಿಂಗಳಲ್ಲಿ ಎಂಟು ಕೆಜಿ ಇಳಿಸಿ, ಆಮೇಲೆ ಆರು ತಿಂಗಳಲ್ಲಿ ಒಂಬತ್ತು ಕೆಜಿ ಏರಿಸಿಕೊಂಡಿದ್ದೀರಾ? ನಾನೂ ಅದೇ ಗುಂಪು. ತೂಕದ ಯಂತ್ರ ಒಂದೇ ಕೆಜಿ ಜಾಸ್ತಿ ತೋರಿಸುತ್ತದೆ, ಲಿವರ್ ಲೆಕ್ಕ ಬೇರೆ.

ಊಟ ಬಿಟ್ಟು ಗಡಿಬಿಡಿಯಲ್ಲಿ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ವಾಪಸ್ ಬರುವಾಗ ಮುಂದೆ ಓಡಿ ಬರೋದು ಕೊಬ್ಬು. ರಕ್ತದ ಸಕ್ಕರೆ ಹೀರಿಕೊಳ್ಳೋ ಮಾಂಸಖಂಡ ಕಡಿಮೆ ಇದ್ದರೆ ಮಿಕ್ಕಿದ ಸಕ್ಕರೆಯ ಹೊರೆ ಲಿವರ್ ಮೇಲೆ ಬೀಳುತ್ತದೆ, ಅದು ಅದನ್ನು ಕೊಬ್ಬು ಮಾಡಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಅಲ್ಲಿನ ಕೊಬ್ಬು ಇಳಿಯೋದೂ ಬೇಗ, ತುಂಬೋದೂ ಬೇಗ. ಲಿವರ್‌ನಲ್ಲಿ ಕೊಬ್ಬಿನ ಪಾಲು ಶೇ. 5 ದಾಟಿದರೆ ಅದೇ ಫ್ಯಾಟಿ ಲಿವರ್.

ಹಾಗಾಗಿ ಮೊದಲು ಗುರಿ ಚಿಕ್ಕದು ಮಾಡಿ. 80 ಕೆಜಿ ಇರುವವರು 4 ಕೆಜಿ ಇಳಿಸಿದರೂ ಸಾಮಾನ್ಯವಾಗಿ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. ಒಳಗೆ ಉರಿಯೂತ ಇದ್ದರೆ 6ರಿಂದ 8 ಕೆಜಿ ಬೇಕಾಗಬಹುದು. ವಾರಕ್ಕೆ ಅರ್ಧದಿಂದ ಒಂದು ಕೆಜಿ ಸಾಕು. ಒಂದೂವರೆ ಕೆಜಿ ದಾಟಿದರೆ ಪಿತ್ತಕೋಶದಲ್ಲಿ ಕಲ್ಲಾಗೋ ಅಪಾಯ ಜಾಸ್ತಿ.

ನಾಲ್ಕು ಕೆಜಿ ಇಳೀತಾ? ಅಲ್ಲೇ ನಿಲ್ಲಿ. ಮೂರು ತಿಂಗಳು ಅದೇ ತೂಕದಲ್ಲಿರಿ, ಆಮೇಲೆ ಬೇಕಿದ್ದರೆ ಮುಂದಕ್ಕೆ. ನನ್ನ ಪ್ರಕಾರ ಇದೇ ಅತಿ ಕಷ್ಟದ ಭಾಗ, ಯಾಕಂದ್ರೆ ಇಳಿಸಿದವರನ್ನು ಎಲ್ಲರೂ ಹೊಗಳುತ್ತಾರೆ, ಇದ್ದಲ್ಲೇ ಇದ್ದವರನ್ನು ಯಾರೂ ಕೇಳೋದಿಲ್ಲ!

ಈ ಹೊತ್ತಲ್ಲೇ ವಾರಕ್ಕೆ ಎರಡು ದಿನ ಭಾರ ಎತ್ತೋ ವ್ಯಾಯಾಮ, ಒಟ್ಟು 150 ನಿಮಿಷ ಬಿರುಸಿನ ನಡಿಗೆ ಇರಲಿ. ತೂಕ ಅಲ್ಲಾಡದೇ ಇದ್ದರೂ ಲಿವರ್ ಕೊಬ್ಬು ಕರಗಬಹುದು. ಪ್ರೋಟೀನ್ ಬಿಡಬೇಡಿ. ಸಿಹಿ ಪಾನೀಯ ಬಿಡಿ, ಅದರಲ್ಲಿರೋ ಫ್ರಕ್ಟೋಸ್ ಅನ್ನೋ ಸಕ್ಕರೆ ಬಹುಪಾಲು ಲಿವರ್‌ಗೇ ಹೋಗುತ್ತದೆ.

ವಾರಕ್ಕೊಮ್ಮೆ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಉಸಿರು ಬಿಟ್ಟು ಹೊಕ್ಕುಳ ಹತ್ತಿರ ಟೇಪ್ ಸುತ್ತಿ ಅಳತೆ ಬರೆದಿಡಿ. ಹೊಟ್ಟೆ ಒಳಗೆ ಎಳೆದು ಮೋಸ ಮಾಡಿಕೊಳ್ಳಬೇಡಿ, ನಾನು ಮಾಡಿ ನೋಡಿದ್ದೀನಿ, ಪ್ಯಾಂಟ್ ನಿಜ ಹೇಳಿಬಿಡುತ್ತದೆ.

ರಕ್ತ ಪರೀಕ್ಷೆಯಲ್ಲಿ ಎಎಲ್‌ಟಿ (ಲಿವರ್‌ಗೆ ಪೆಟ್ಟಾದಾಗ ಏರೋ ಕಿಣ್ವ) ನಾರ್ಮಲ್ ಬಂತು ಅಂತ ಸುಮ್ನಾಗಬೇಡಿ, ಫ್ಯಾಟಿ ಲಿವರ್ ಇದ್ದರೂ ಅದು ನಾರ್ಮಲ್ ಇರಬಹುದು. ಲಿವರ್ ಗಟ್ಟಿಯಾಗಿ ಕಲೆಗಟ್ಟಿರೋ ಸಾಧ್ಯತೆ ಅಂದಾಜು ಮಾಡೋ ಫಿಬ್-4 ಲೆಕ್ಕ ಹಾಕಿ ಅಂತ ಡಾಕ್ಟರನ್ನು ಕೇಳಿ. ವಯಸ್ಸು, ಎಎಸ್‌ಟಿ (ಇನ್ನೊಂದು ಕಿಣ್ವ), ಎಎಲ್‌ಟಿ, ಪ್ಲೇಟ್‌ಲೆಟ್ ಇಷ್ಟಿದ್ದರೆ ಸಾಕು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಊಟ ಕಡಿಮೆ ಮಾಡೋ ಮೊದಲೇ ಡಾಕ್ಟರ್ ಹತ್ತಿರ ಹೋಗಿ.