ಸಹಕಾರಿ ಬ್ಯಾಂಕಿನ ಕೆಲಸದಲ್ಲಿ ಸೈಬರ್ ಭದ್ರತೆಯ ಸರ್ಟಿಫಿಕೇಟ್‌: ನನ್ನ ಅನುಭವ

ಬಾಗಲಕೋಟೆಯ ಒಂದು ಪಟ್ಟಣ ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ರಿಸರ್ವ್ ಬ್ಯಾಂಕು 2018ರ ಅಕ್ಟೋಬರ್‌ನಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಮೂಲ ಚೌಕಟ್ಟನ್ನು ಹೊರಡಿಸಿ, 2019ರ ಡಿಸೆಂಬರ್‌ನಲ್ಲಿ ಅದನ್ನು ನಾಲ್ಕು ಹಂತಗಳಾಗಿ ವಿಸ್ತರಿಸಿದಾಗ, ಆ ಸುತ್ತೋಲೆಗಳನ್ನು ಓದಿ ಜಾರಿಗೆ ತರುವ ಹೊಣೆ ನಮ್ಮ ವಿಭಾಗಕ್ಕೆ ಬಂದಿತು. ಶಾಖೆಗಳ ನೆಟ್‌ವರ್ಕ್ ನಡೆಸುವುದು, ಬಳಕೆದಾರರ ಐಡಿ ತೆರೆಯುವುದು, ದಿನದ ಕೊನೆಗೆ ಬ್ಯಾಕಪ್ ತೆಗೆಯುವುದು ಇವೆಲ್ಲ ಕೈಗೆ ಬಂದ ಕೆಲಸಗಳಾಗಿದ್ದವು. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಎಷ್ಟು ಹಣ ಖರ್ಚು ಮಾಡುವುದು ನ್ಯಾಯ ಎಂದು ತೂಗಿ ಹೇಳುವ ತಿಳಿವಳಿಕೆ ಬೇರೆಯೇ. ಅದನ್ನು ಗಳಿಸಲು ನಾನು ಎರಡು ಪರೀಕ್ಷೆಗಳನ್ನು ಬರೆದೆ: ಮೊದಲು ಕಾಂಪ್‌ಟಿಯಾ ಸಂಸ್ಥೆಯ ಸೆಕ್ಯುರಿಟಿ ಪ್ಲಸ್ ಎಂಬ ಸೈಬರ್ ಭದ್ರತೆಯ ಆರಂಭಿಕ ಪರೀಕ್ಷೆ, ಅನಂತರ ಐಸಾಕಾ ಸಂಸ್ಥೆಯ ಸಿಐಎಸ್‌ಎ ಎಂಬ ಕಂಪ್ಯೂಟರ್ ವ್ಯವಸ್ಥೆಗಳ ಲೆಕ್ಕಪರಿಶೋಧನೆಯ ಪರೀಕ್ಷೆ.

ಸೆಕ್ಯುರಿಟಿ ಪ್ಲಸ್ ಪರೀಕ್ಷೆಯಲ್ಲಿ 90 ನಿಮಿಷಗಳಲ್ಲಿ ಹೆಚ್ಚೆಂದರೆ 90 ಪ್ರಶ್ನೆಗಳಿರುತ್ತವೆ, 900ಕ್ಕೆ 750 ಅಂಕ ಬಂದರೆ ಉತ್ತೀರ್ಣ. ಪರೀಕ್ಷೆಗಿಂತ ಅದರ ಪಠ್ಯಕ್ರಮವೇ ನನಗೆ ಮುಖ್ಯವಾಯಿತು. ಒಂದೊಂದು ಅಧ್ಯಾಯ ಮುಗಿದ ಮೇಲೆ ಅದನ್ನು ಮನೆಯ ಹಳೆಯ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ (ಒಂದೇ ಕಂಪ್ಯೂಟರಿನೊಳಗೆ ಬೇರೆ ಕಂಪ್ಯೂಟರುಗಳನ್ನು ನಡೆಸುವ ತಂತ್ರಾಂಶ) ಹಾಕಿ ಮಾಡಿ ನೋಡುತ್ತಿದ್ದೆ. ನೆಟ್‌ವರ್ಕಿನಲ್ಲಿ ಹರಿಯುವ ಮಾಹಿತಿಯನ್ನು ತೋರಿಸುವ ವೈರ್‌ಶಾರ್ಕ್‌ನಲ್ಲಿ ಸಾದಾ ಎಚ್‌ಟಿಟಿಪಿ ಪುಟಕ್ಕೆ ಕೊಟ್ಟ ಪಾಸ್‌ವರ್ಡ್ ಅಕ್ಷರಶಃ ಕಾಣುವುದನ್ನೂ, ಟಿಎಲ್‌ಎಸ್ ಎಂಬ ಗೂಢಲಿಪಿಯ ರಕ್ಷಣೆ ಇದ್ದಲ್ಲಿ ಅದೇ ಮಾಹಿತಿ ಓದಲು ಬಾರದಂತಾಗುವುದನ್ನೂ ಕಣ್ಣಾರೆ ಕಂಡವರಿಗೆ ಆ ವಿಷಯವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಅದೇ ಅಧ್ಯಾಯವನ್ನು ಮರುದಿನ ಬ್ಯಾಂಕಿಗೆ ಒಯ್ದು, ನಮ್ಮಲ್ಲಿ ಇದು ಹೇಗಿದೆ ಎಂದು ಪರಿಶೀಲಿಸುತ್ತಿದ್ದೆ. ದೂರದಿಂದ ಕಂಪ್ಯೂಟರ್ ನಡೆಸಲು ಬಳಸುವ 3389ನೆಯ ಪೋರ್ಟ್ ಇಂಟರ್ನೆಟ್‌ಗೆ ತೆರೆದಿದೆಯೇ, ಶಾಖೆಗಳಲ್ಲಿ ಯಾರಿಗೆಲ್ಲ ಅಡ್ಮಿನಿಸ್ಟ್ರೇಟರ್ ಹಕ್ಕು ಇದೆ, ನೌಕರಿ ಬಿಟ್ಟವರ ಐಡಿಗಳು ಇನ್ನೂ ಜೀವಂತವಾಗಿವೆಯೇ ಎಂಬ ಪಟ್ಟಿ ಹೀಗೆ ತಯಾರಾಯಿತು. ಓದು ಮತ್ತು ಕಚೇರಿ ಜೊತೆಜೊತೆಗೆ ನಡೆದಿದ್ದರಿಂದಲೇ ಆ ಓದು ಉಳಿಯಿತು ಎಂಬುದು ನನ್ನ ನಂಬಿಕೆ.

ಸಿಐಎಸ್‌ಎ ಬೇರೆ ಬಗೆಯದು. ನಾಲ್ಕು ಗಂಟೆ, 150 ಪ್ರಶ್ನೆ, 200ರಿಂದ 800ರ ಅಳತೆಯಲ್ಲಿ 450 ಬಂದರೆ ಉತ್ತೀರ್ಣ. ಸದಸ್ಯರಲ್ಲದವರಿಗೆ ಶುಲ್ಕ 760 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರ ರೂಪಾಯಿಗೂ ಮೇಲೆ. ಸಣ್ಣ ಊರಿನ ಸಂಬಳದಲ್ಲಿ ಇದು ಮನೆಯವರೊಡನೆ ಕೂತು ನಿರ್ಧರಿಸಬೇಕಾದ ಮೊತ್ತ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದೆ. ಪ್ರಶ್ನೆಗಳಲ್ಲಿ ನಾಲ್ಕು ಉತ್ತರಗಳೂ ಸರಿಯೆಂದೇ ತೋರುತ್ತವೆ. ಲೆಕ್ಕಪರಿಶೋಧಕರು ಮೊದಲು ಏನು ಮಾಡಬೇಕು, ಎಲ್ಲಕ್ಕಿಂತ ದೊಡ್ಡ ಅಪಾಯ ಯಾವುದು ಎಂದು ಕೇಳಲಾಗುತ್ತದೆ. ನನ್ನಂತೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ತಾಂತ್ರಿಕ ವಿಷಯಕ್ಕಿಂತ ಈ ಬಗೆಯ ಪ್ರಶ್ನೆಗಳನ್ನು ನಿಧಾನವಾಗಿ ಓದುವ ಅಭ್ಯಾಸಕ್ಕೇ ಹೆಚ್ಚು ಸಮಯ ಕೊಡಬೇಕಾಗುತ್ತದೆ. ಉತ್ತೀರ್ಣರಾದ ಮಾತ್ರಕ್ಕೆ ಸರ್ಟಿಫಿಕೇಟ್ ಕೈಗೆ ಬರುವುದಿಲ್ಲ. ಐದು ವರ್ಷಗಳ ಕೆಲಸದ ಅನುಭವವನ್ನೂ ತೋರಿಸಬೇಕು, ಅದರಲ್ಲಿ ಓದಿಗೂ ಇತರ ಅನುಭವಕ್ಕೂ ಗರಿಷ್ಠ ಮೂರು ವರ್ಷಗಳ ರಿಯಾಯಿತಿ ಉಂಟು.

ಇದರ ನಿಜವಾದ ಬೆಲೆ ನನಗೆ ತಿಳಿದದ್ದು ಆಡಳಿತ ಮಂಡಳಿಯ ಸಭೆಯಲ್ಲಿ. ನಮ್ಮ ಬ್ಯಾಕಪ್ ಡಿಸ್ಕುಗಳು ಸರ್ವರ್ ಇದ್ದ ಕೋಣೆಯಲ್ಲಿಯೇ ಇದ್ದವು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಹೊಕ್ಕರೆ ನೆಟ್‌ವರ್ಕಿಗೆ ಜೋಡಿಸಿದ ಬ್ಯಾಕಪ್ಪಿಗೂ ಅದು ಬೀಗ ಹಾಕಿಬಿಡುತ್ತದೆ. ಆದ್ದರಿಂದ ಒಂದು ಪ್ರತಿ ನೆಟ್‌ವರ್ಕಿನಿಂದ ಹೊರಗೆ, ಬೇರೆ ಊರಿನಲ್ಲಿ ಇರಬೇಕೆಂದು ಪ್ರಸ್ತಾವ ಇಟ್ಟೆ. ಹಿರಿಯ ನಿರ್ದೇಶಕರೊಬ್ಬರು, "ಇಷ್ಟ್ ವರ್ಷ ಏನೂ ಆಗಿಲ್ಲಲ್ರಿ, ಈಗ್ಯಾಕ ಇಷ್ಟ್ ಖರ್ಚು?" ಎಂದು ಕೇಳಿದರು. ಸಿಐಎಸ್‌ಎ ಓದಿನಲ್ಲಿ ಕಲಿತ ಕ್ರಮದಂತೆ ನಾನು ಯಂತ್ರಗಳ ಮಾತನ್ನು ಬಿಟ್ಟು ಎರಡೇ ಪ್ರಶ್ನೆ ಕೇಳಿದೆ: ಕೌಂಟರ್ ಎಷ್ಟು ಗಂಟೆ ಮುಚ್ಚಿದ್ದರೆ ಸದಸ್ಯರು ತಡೆದುಕೊಂಡಾರು, ಮತ್ತು ಎಷ್ಟು ಗಂಟೆಗಳ ವಹಿವಾಟನ್ನು ವೋಚರ್ ನೋಡಿ ಮತ್ತೆ ನಮೂದಿಸಲು ನಮ್ಮ ಸಿಬ್ಬಂದಿಗೆ ಸಾಧ್ಯ? ನಿರ್ದೇಶಕರೆಲ್ಲ ವ್ಯಾಪಾರ ಬಲ್ಲವರು, ಉತ್ತರ ಅವರಿಂದಲೇ ಬಂದಿತು. ಬ್ಯಾಕಪ್ ಎಷ್ಟು ಸಲ ತೆಗೆಯಬೇಕು, ಎಷ್ಟು ಬೇಗ ಮರಳಿ ಸ್ಥಾಪಿಸಬೇಕು ಎಂಬುದು ಆ ಉತ್ತರದಿಂದಲೇ ಗೊತ್ತಾಗಿ, ಖರ್ಚಿಗೆ ಒಪ್ಪಿಗೆಯೂ ಸಿಕ್ಕಿತು. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸೆರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಕಂಪ್ಯೂಟರುಗಳಲ್ಲಿ ನಡೆದದ್ದರ ದಾಖಲೆಗಳನ್ನು) 180 ದಿನ ಇಟ್ಟುಕೊಳ್ಳಬೇಕು ಎಂದಾದಾಗಲೂ ಇದೇ ರೀತಿಯಲ್ಲಿ ವಿವರಿಸಿದ್ದರಿಂದ ಹೆಚ್ಚಿನ ಸ್ಟೋರೇಜ್ ಕೊಳ್ಳುವುದು ಕಷ್ಟವಾಗಲಿಲ್ಲ.

ನಮ್ಮ ವಿಭಾಗಕ್ಕೆ ಸಹಾಯಕರನ್ನು ಆರಿಸುವಾಗ ಅಭ್ಯರ್ಥಿಗಳಿಗೆ ಒಂದೇ ಸಂದರ್ಭ ಕೊಟ್ಟಿದ್ದೆವು: ಶಾಖೆಯ ಒಂದು ಕಂಪ್ಯೂಟರಿನಿಂದ ಅರ್ಧರಾತ್ರಿ ಹೊರದೇಶದ ವಿಳಾಸಕ್ಕೆ ಸಂಪರ್ಕ ಹೋಗುತ್ತಿದೆ, ಏನು ಮಾಡುತ್ತೀರಿ? ಕೈಕೆಲಸದಲ್ಲಿ ಚುರುಕಾಗಿದ್ದ ಹುಡುಗನೊಬ್ಬ ಕೂಡಲೇ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕುತ್ತೇನೆ ಎಂದ. ನಮ್ಮ ಭಾಗದಲ್ಲಿ ಕಂಪ್ಯೂಟರ್ ರಿಪೇರಿಯ ರೂಢಿಯೇ ಅದು. ಸೆಕ್ಯುರಿಟಿ ಪ್ಲಸ್ ಮಾಡಿದ್ದ ಹುಡುಗಿ ನೆಟ್‌ವರ್ಕ್ ಕೇಬಲ್ ಕಳಚುತ್ತೇನೆ, ಯಂತ್ರವನ್ನು ಬಂದ್ ಮಾಡುವುದಿಲ್ಲ, ಮೆಮೊರಿಯ ಮತ್ತು ಡಿಸ್ಕಿನ ಪ್ರತಿ ತೆಗೆದ ಮೇಲೆಯೇ ಮುಂದಿನ ಮಾತು ಎಂದಳು. ಫಾರ್ಮ್ಯಾಟ್ ಮಾಡಿದರೆ ಸಾಕ್ಷ್ಯ ಅಳಿಯುತ್ತದೆ, ದಾಳಿಕೋರ ಎಲ್ಲಿಂದ ಬಂದ ಎಂಬುದು ತಿಳಿಯುವುದೇ ಇಲ್ಲ. ಆಕೆಗೆ ಆಗ ಕಮಾಂಡುಗಳು ಅಷ್ಟಾಗಿ ಬರುತ್ತಿರಲಿಲ್ಲ, ಅದನ್ನು ನಾವು ಕಲಿಸಿದೆವು. ಕ್ರಮ ಗೊತ್ತಿದ್ದವರಿಗೆ ಕಮಾಂಡು ಕಲಿಸುವುದು ಸುಲಭ, ಒಗ್ಗಿಹೋದ ರೂಢಿಯನ್ನು ಬಿಡಿಸುವುದು ಕಷ್ಟ.

ಬಾಗಲಕೋಟೆ, ವಿಜಯಪುರದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ನೇರವಾಗಿ ಸಿಐಎಸ್‌ಎಸ್‌ಪಿ ಎಂಬ ಮೇಲ್ಮಟ್ಟದ ಭದ್ರತಾ ಸರ್ಟಿಫಿಕೇಟ್ ಮಾಡಬಹುದೇ ಎಂದು ನನ್ನನ್ನು ಕೇಳುತ್ತಾರೆ. ಅದಕ್ಕೂ ಐದು ವರ್ಷಗಳ ಅನುಭವ ಬೇಕು. ಮೊದಲೇ ಉತ್ತೀರ್ಣರಾದರೆ ಅಸೋಸಿಯೇಟ್ ಎಂಬ ಸ್ಥಾನ ಮಾತ್ರ ಸಿಗುತ್ತದೆ. ನೆಟ್‌ವರ್ಕ್ ಮತ್ತು ಲಿನಕ್ಸ್ ಗಟ್ಟಿಮಾಡಿಕೊಂಡು ಸೆಕ್ಯುರಿಟಿ ಪ್ಲಸ್‌ನಿಂದ ಆರಂಭಿಸಿರಿ ಎಂದೇ ಹೇಳುತ್ತೇನೆ. ದಾಳಿಯ ತಂತ್ರಗಳಲ್ಲಿ ನಿಜವಾದ ಆಸಕ್ತಿ ಇರುವವರು ಓಎಸ್‌ಸಿಪಿ ಎಂಬ ಪ್ರಾಯೋಗಿಕ ಪರೀಕ್ಷೆಯತ್ತ ಹೋಗಬಹುದು. ಅದರಲ್ಲಿ ಸುಮಾರು 24 ಗಂಟೆ ಯಂತ್ರಗಳನ್ನು ಭೇದಿಸಿ, ಮುಂದಿನ 24 ಗಂಟೆಯೊಳಗೆ ವರದಿ ಬರೆದು ಕೊಡಬೇಕಾಗುವುದರಿಂದ, ಬರಿಯ ಬಾಯಿಪಾಠದಿಂದ ಪಾಸಾಗಲು ಬರುವುದಿಲ್ಲ. ಸೋರಿಕೆಯಾದ ಪ್ರಶ್ನೆಗಳೆಂದು ಮಾರಾಟವಾಗುವ ಪಿಡಿಎಫ್‌ಗಳನ್ನು ಯಾರೂ ಮುಟ್ಟಬಾರದು; ಅದು ಪರೀಕ್ಷೆಯ ಒಪ್ಪಂದದ ಉಲ್ಲಂಘನೆ, ಸಿಕ್ಕ ಸರ್ಟಿಫಿಕೇಟ್ ರದ್ದಾಗಬಹುದು.

ಸೆಕ್ಯುರಿಟಿ ಪ್ಲಸ್‌ನ ಅವಧಿ ಮೂರು ವರ್ಷ. ಅದರ ವಿಷಯವೆಲ್ಲ ದಿನನಿತ್ಯದ ಕೆಲಸದಲ್ಲಿ ಬೆರೆತಿದ್ದುದರಿಂದ ನಾನು ಅದನ್ನು ನವೀಕರಿಸಲಿಲ್ಲ. ಸಿಐಎಸ್‌ಎಯನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಏಕೆಂದರೆ ಹೊರಗಿನಿಂದ ಬರುವ ಲೆಕ್ಕಪರಿಶೋಧಕರ ಎದುರು ಕೂತು ಅವರ ಆಕ್ಷೇಪಗಳಿಗೆ ಅವರದೇ ಮಾನದಂಡದಲ್ಲಿ ಉತ್ತರ ಕೊಡಲು ಅದು ಪ್ರತಿ ವರ್ಷವೂ ಬಳಕೆಗೆ ಬರುತ್ತದೆ. ಅದಕ್ಕೆ ಮೂರು ವರ್ಷಗಳಲ್ಲಿ 120 ಗಂಟೆಗಳ ಮುಂದುವರಿದ ಕಲಿಕೆಯನ್ನು ತೋರಿಸಬೇಕು. ಪಾಠ ಮಾಡುವುದೂ ಅದರಲ್ಲಿ ಸೇರುವುದರಿಂದ, ಕೆಲವು ಗಂಟೆಗಳನ್ನು ಇಲ್ಲಿಯ ಕಾಲೇಜು ಹುಡುಗರಿಗೆ ಬ್ಯಾಕಪ್ಪಿನಿಂದ ಸರ್ವರನ್ನು ಮರಳಿ ಸ್ಥಾಪಿಸುವುದನ್ನು ಕಲಿಸಲು ಕೊಡುತ್ತಿದ್ದೇನೆ.